ಮೂರೂವರೆ ಸುತ್ತು

2005ರ ಡಿಸೆಂಬರ್. ಟೋಕಿಯೊದಲ್ಲಿ ಫಿಗರ್ ಸ್ಕೇಟಿಂಗ್‌ನ ಗ್ರ್ಯಾನ್ ಪ್ರಿ ಫೈನಲ್ ನಡೆಯುತ್ತಿತ್ತು. ಆ ಋತುವಿನಲ್ಲಿ ಚೆನ್ನಾಗಿ ಆಡಿದ ಕೆಲವೇ ಕೆಲವರಿಗೆ ಮಾತ್ರ ಅಲ್ಲಿ ಜಾಗ. ಜಪಾನಿನ ಹದಿನೈದು ವರ್ಷದ ಮಾವೊ ಅಸಾಡಾ ಆಗಿನ ವಿಶ್ವ ಚಾಂಪಿಯನ್ ಇರಿನಾ ಸ್ಲುಟ್‌ಸ್ಕಯಾಳನ್ನೇ ಹಿಂದೆ ಹಾಕಿ ಗೆದ್ದಳು. ಟ್ಯೂರಿನ್ ಒಲಿಂಪಿಕ್ಸ್‌ಗೆ ಇನ್ನು ಎರಡೇ ತಿಂಗಳು. ಫಾರ್ಮ್ ನೋಡಿದರೆ ಅವಳೇ ಮುಂದೆ. ಆದರೆ ಅವಳು ಹೋಗುವ ಹಾಗಿರಲಿಲ್ಲ.

ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಅದರ ಹಿಂದಿನ ಜುಲೈ 1ರ ಒಳಗೆ ಹದಿನೈದು ತುಂಬಿರಬೇಕು ಅನ್ನುವುದು ಆಗಿನ ನಿಯಮ. ಮಾವೊ ಹುಟ್ಟಿದ್ದು 1990ರ ಸೆಪ್ಟೆಂಬರ್ 25ರಂದು. 87 ದಿನ ತಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಟ್ಯೂರಿನ್‌ನಲ್ಲಿ ಚಿನ್ನ ಜಪಾನಿಗೇ ಬಂತು, ಆದರೆ ಅದನ್ನು ಗೆದ್ದವಳು ಶಿಝುಕಾ ಅರಾಕಾವಾ. ಮಾವೊಗೆ ಮುಂದಿನ ಅವಕಾಶ ಸಿಗುವಾಗ ಹತ್ತೊಂಬತ್ತು ವರ್ಷ.

ನಾಲ್ಕು ವರ್ಷ ಕಾದರೆ ಏನಾಯಿತು, ಚಿಕ್ಕ ಹುಡುಗಿ ತಾನೇ ಅನ್ನಿಸಬಹುದು. ಬೇರೆ ಆಟಗಳಲ್ಲಿ ಸರಿ. ಫಿಗರ್ ಸ್ಕೇಟಿಂಗ್‌ನಲ್ಲಿ, ಅದರಲ್ಲೂ ಮಹಿಳೆಯರ ವಿಭಾಗದಲ್ಲಿ, ಹದಿನೈದಕ್ಕೂ ಹತ್ತೊಂಬತ್ತಕ್ಕೂ ನಡುವೆ ದೇಹವೇ ಬೇರೆಯಾಗಿರುತ್ತದೆ. ನಿಯಮ ರೂಪಿಸುವವರಿಗೆ ಕಾಯಲು ಬೇಕಾದಷ್ಟು ಸಮಯ ಇದೆ. ಮಂಡಿ, ಸೊಂಟ, ಹಿಮ್ಮಡಿಗೆ ಇಲ್ಲ. ಈ ಆಟದ ಬಗ್ಗೆ ಓದುತ್ತಾ, ಹಳೆಯ ವಿಡಿಯೋಗಳನ್ನು ನೋಡುತ್ತಾ ಬಂದ ಹಾಗೆಲ್ಲ ನನಗೆ ಜಾಸ್ತಿ ಕಾಡುವುದು ಇದೇ. ಒಬ್ಬ ಸ್ಕೇಟರ್‌ನ ವೃತ್ತಿ ಹೇಗಾಯಿತು ಅನ್ನುವುದನ್ನು ಪ್ರತಿಭೆ ಎಷ್ಟು ನಿರ್ಧರಿಸುತ್ತದೋ, ಆ ವರ್ಷ ನಿಯಮದ ಪುಸ್ತಕದಲ್ಲಿ ಏನು ಬರೆದಿತ್ತು ಅನ್ನುವುದೂ ಅಷ್ಟೇ ನಿರ್ಧರಿಸುತ್ತದೆ.

ಇದಕ್ಕೆ ಒಂದೇ ಊರಿನ ಇಬ್ಬರ ಕಥೆ ಸಾಕು. ಜಪಾನಿನ ನಗೋಯಾ. ಮೊದಲು ಮಿಡೋರಿ ಇಟೊ, ಎರಡು ದಶಕದ ನಂತರ ಮಾವೊ ಅಸಾಡಾ. ಇಬ್ಬರಿಗೂ ಚಿಕ್ಕಂದಿನಲ್ಲಿ ಕಲಿಸಿದವರು ಮಚಿಕೊ ಯಮಾದಾ. ಇಬ್ಬರೂ ಹೆಸರು ಮಾಡಿದ್ದು ಒಂದೇ ಜಿಗಿತದಿಂದ, ಟ್ರಿಪಲ್ ಆಕ್ಸೆಲ್.

ಈ ಜಿಗಿತ ಏನು ಅಂತ ಸ್ವಲ್ಪ ನೋಡೋಣ, ಯಾಕೆಂದರೆ ಟಿವಿಯಲ್ಲಿ ಎಲ್ಲ ಜಿಗಿತವೂ ಒಂದೇ ಥರ ಕಾಣುತ್ತವೆ. ಸ್ಕೇಟಿನ ಬ್ಲೇಡ್ ಸುಮಾರು ನಾಲ್ಕು ಮಿಲಿಮೀಟರ್ ದಪ್ಪ. ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ಹಳ್ಳ ಇರುತ್ತದೆ. ಹಾಗಾಗಿ ಅದಕ್ಕೆ ಎರಡು ಅಂಚು, ಒಳಗಿನದು ಮತ್ತು ಹೊರಗಿನದು. ಸ್ಕೇಟರ್ ಯಾವಾಗಲೂ ಈ ಎರಡರಲ್ಲಿ ಒಂದರ ಮೇಲೆ ವಾಲಿಕೊಂಡೇ ಇರಬೇಕು. ಉಳಿದೆಲ್ಲ ಜಿಗಿತಗಳಲ್ಲಿ ಹಿಂದಕ್ಕೆ ಜಾರುತ್ತಾ ನೆಗೆಯುತ್ತಾರೆ. ಆಕ್ಸೆಲ್‌ನಲ್ಲಿ ಮಾತ್ರ ಮುಖ ಮುಂದಕ್ಕೆ. ಎಡಗಾಲಿನ ಹೊರ ಅಂಚಿನ ಮೇಲೆ ಮಂಡಿ ಬಗ್ಗಿಸಿ, ಬಲಗಾಲನ್ನು ಮೆಟ್ಟಿಲು ಹತ್ತುವ ಹಾಗೆ ಮುಂದಕ್ಕೆ ಎತ್ತಿ ಮೇಲೇಳುತ್ತಾರೆ. ಆದರೆ ಇಳಿಯುವುದು ಎಲ್ಲ ಜಿಗಿತದ ಹಾಗೆ ಹಿಮ್ಮುಖವಾಗಿಯೇ. ಅದಕ್ಕೇ ಅರ್ಧ ಸುತ್ತು ಜಾಸ್ತಿ. ಟ್ರಿಪಲ್ ಆಕ್ಸೆಲ್ ಅಂದರೆ ಮೂರಲ್ಲ, ಮೂರೂವರೆ ಸುತ್ತು.

ಗಾಳಿಯಲ್ಲಿ ಇರುವುದು ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಕೈಗಳನ್ನು ಎದೆಗೆ ಅವುಚಿ, ಕಾಲುಗಳನ್ನು ಒಂದರ ಮೇಲೊಂದು ಹೆಣೆದು, ಮೈಯನ್ನು ಆದಷ್ಟು ತೆಳ್ಳಗೆ ಮಾಡಿಕೊಂಡು ತಿರುಗಬೇಕು. ಮೈ ಎಷ್ಟು ಕಿರಿದೋ ತಿರುಗುವ ವೇಗ ಅಷ್ಟು ಜಾಸ್ತಿ. ಆಮೇಲೆ ಎಲ್ಲವನ್ನೂ ಬಿಚ್ಚಿ ಒಂದೇ ಕಾಲಿನ ಮೇಲೆ ಇಳಿಯಬೇಕು. ಮೈತೂಕದ ಹಲವು ಪಟ್ಟು ಭಾರ ಆ ಒಂದು ಪಾದದ ಮೇಲೆ ಬೀಳುತ್ತದೆ. ಒಂದೇ ಸಲ ಅಲ್ಲ, ಪ್ರತಿ ದಿನ, ಪ್ರತಿ ಅಭ್ಯಾಸದಲ್ಲಿ, ಅದೇ ಪಾದದ ಮೇಲೆ.

ಹದಿಮೂರು ವರ್ಷದ ಹುಡುಗಿಗೆ ಈ ಲೆಕ್ಕ ಸುಲಭ. ಸೊಂಟ ಕಿರಿದು, ತೂಕ ಕಡಿಮೆ. ಎತ್ತರ ಬೆಳೆದು ಸೊಂಟ ಅಗಲವಾದ ಹಾಗೆ ಅದೇ ಜೋರಿನಲ್ಲಿ ನೆಗೆದರೂ ಕಾಲು ಭಾಗ ಸುತ್ತು ಕಡಿಮೆ ಬೀಳುತ್ತದೆ. ಕಲಿತಿದ್ದನ್ನೇ ಮತ್ತೆ ಕಲಿಯಬೇಕು. ಗಂಡು ಮಕ್ಕಳಿಗೆ ಬೆಳೆದ ಮೇಲೆ ಸ್ನಾಯುಗಳ ಬಲ ಸೇರುತ್ತದೆ. ಹೆಣ್ಣು ಮಕ್ಕಳಿಗೆ ಅಷ್ಟು ಸಿಗುವುದಿಲ್ಲ. ಎಷ್ಟೋ ಹುಡುಗಿಯರು ಹದಿನಾರು ಹದಿನೇಳಕ್ಕೆ ಸದ್ದಿಲ್ಲದೆ ಆಟ ಬಿಟ್ಟಿರುವುದಕ್ಕೆ ಇದೂ ಒಂದು ಕಾರಣ.

ಮಿಡೋರಿ ವಿಷಯಕ್ಕೆ ಬರೋಣ. ಐದಡಿಯೂ ಇಲ್ಲದ ಪುಟ್ಟ ಹುಡುಗಿ. ನೆಗೆದರೆ ಮಾತ್ರ ನೋಡುವವರ ಎದೆ ಝಲ್ ಅನ್ನುವಷ್ಟು ಎತ್ತರ. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನ ಫ್ರೀ ಸ್ಕೇಟ್‌ನಲ್ಲಿ, ಅಂದರೆ ಸಂಗೀತಕ್ಕೆ ಮಾಡುವ ಉದ್ದನೆಯ ಕಾರ್ಯಕ್ರಮದಲ್ಲಿ, ಅವಳು ಏಳು ಟ್ರಿಪಲ್ ಜಿಗಿತಗಳನ್ನು ಮುಗಿಸಿದಳು. ಕೊನೆಯ ಜಿಗಿತ ಇಳಿಯುವಾಗಲೇ ಖುಷಿ ತಡೆಯಲಾಗದೆ ಮುಖವೆಲ್ಲ ನಗು. ಇಡೀ ಸ್ಟೇಡಿಯಂ ಎದ್ದು ನಿಂತಿತ್ತು. ಅವಳಿಗೆ ಸಿಕ್ಕಿದ್ದು ಐದನೇ ಸ್ಥಾನ.

ಕಾರಣ ಕಡ್ಡಾಯ ಫಿಗರ್‌ಗಳು. ಇವತ್ತಿನ ಎಷ್ಟೋ ಅಭಿಮಾನಿಗಳು ಅದನ್ನು ನೋಡಿಯೇ ಇಲ್ಲ. ಸಂಗೀತ ಇಲ್ಲ, ಜಿಗಿತ ಇಲ್ಲ. ಖಾಲಿ ಐಸ್ ಮೇಲೆ ಸ್ಕೇಟರ್ ಒಂದು ಕಾಲಿನಲ್ಲಿ ನಿಧಾನವಾಗಿ ಎಂಟರ ಆಕಾರದ ಸುತ್ತು ಹಾಕಬೇಕು. ಬ್ಲೇಡ್ ಐಸ್ ಮೇಲೆ ಬಿಳಿ ಗೆರೆ ಬಿಡುತ್ತದೆ. ಮತ್ತೆ ಅದೇ ಗೆರೆಯ ಮೇಲೆ, ಸರಿಯಾಗಿ ಅದರ ಮೇಲೇ, ಮತ್ತೊಂದು ಸುತ್ತು. ಸ್ಕೇಟರ್ ಆಚೆ ಹೋದ ಮೇಲೆ ತೀರ್ಪುಗಾರರು ದಪ್ಪ ಕೋಟು ಹಾಕಿಕೊಂಡು ಐಸ್ ಮೇಲೆ ಬಂದು, ಬಗ್ಗಿ, ಕೆಲವೊಮ್ಮೆ ಮಂಡಿಯೂರಿ, ಗೆರೆಗಳನ್ನು ಪರೀಕ್ಷಿಸುತ್ತಿದ್ದರು. ವೃತ್ತ ದುಂಡಗಿದೆಯಾ? ತಿರುವಿನಲ್ಲಿ ಎರಡು ಅಂಚೂ ತಾಗಿ ಜೋಡಿ ಗೆರೆ ಬಿದ್ದಿದೆಯಾ? ಇದಕ್ಕೆ ತಾಸುಗಟ್ಟಲೆ ಹಿಡಿಯುತ್ತಿತ್ತು. ಟಿವಿಯವರಿಗೆ ಇದರಿಂದ ಏನೂ ಗಿಟ್ಟುತ್ತಿರಲಿಲ್ಲ. ನೋಡುವವರೂ ವಿರಳ.

ಆದರೂ ಒಂದು ಕಾಲಕ್ಕೆ ಒಟ್ಟು ಅಂಕದಲ್ಲಿ ದೊಡ್ಡ ಪಾಲು ಇದಕ್ಕೇ ಇತ್ತು. 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯಾದ ಟ್ರಿಕ್ಸಿ ಶೂಬಾ ಫ್ರೀ ಸ್ಕೇಟ್‌ನಲ್ಲಿ ಏಳನೆಯವಳಾಗಿದ್ದರೂ ಚಿನ್ನ ಗೆದ್ದಳು. ಫಿಗರ್‌ಗಳಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ. ಫ್ರೀ ಸ್ಕೇಟ್‌ನಲ್ಲಿ ಮೊದಲು ಬಂದ ಅಮೆರಿಕದ ಜಾನೆಟ್ ಲಿನ್‌ಗೆ ಕಂಚು. ಮನೆಯಲ್ಲಿ ಕೂತು ನೋಡಿದವರಿಗೆ ಇದು ಅರ್ಥವೇ ಆಗಲಿಲ್ಲ. ಆಗಬೇಕಾದರೂ ಹೇಗೆ, ಅವರು ನೋಡಿದ್ದು ಫ್ರೀ ಸ್ಕೇಟ್ ಮಾತ್ರ. ಮುಂದಿನ ವರ್ಷವೇ ಶಾರ್ಟ್ ಪ್ರೋಗ್ರಾಂ, ಅಂದರೆ ಇಂತಿಂಥದ್ದು ಮಾಡಲೇಬೇಕು ಅನ್ನುವ ಚಿಕ್ಕ ಕಾರ್ಯಕ್ರಮ, ಬಂತು, ಫಿಗರ್‌ಗಳ ತೂಕ ಇಳಿಯಿತು. ಜಾನೆಟ್‌ಗೆ ಇದರಿಂದ ಒಲಿಂಪಿಕ್ ಚಿನ್ನವೇನೂ ಸಿಗಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಈ ಆಟದ ಹಳೆ ಚಾಳಿ.

ಹಾಗಂತ ಫಿಗರ್‌ಗಳು ಸುಮ್ನೆ ಕಾಲಹರಣ ಅಂತ ನಾನು ಹೇಳುವುದಿಲ್ಲ. ಆ ಕಾಲದವರ ಅಂಚಿನ ಹಿಡಿತ ನೋಡಿ. ಎರಡು ತಳ್ಳಿಗೆ ರಿಂಕ್‌ನ ಈ ತುದಿಯಿಂದ ಆ ತುದಿಗೆ ಸದ್ದಿಲ್ಲದೆ ಹೋಗುತ್ತಾರೆ. ಅದು ಗೆರೆ ಎಳೆದು ಎಳೆದು ಬಂದ ವಿದ್ಯೆ. ಶೂಬಾ ಮೋಸದಿಂದ ಗೆದ್ದವಳಲ್ಲ. ಆಗಿನ ನಿಯಮ ಏನು ಕೇಳಿತ್ತೋ ಅದರಲ್ಲಿ ಅವಳು ಎಲ್ಲರಿಗಿಂತ ಚೆನ್ನಾಗಿದ್ದಳು, ಅಷ್ಟೇ.

ಕ್ಯಾಲ್ಗರಿಯ ವರ್ಷವೇ ಮಿಡೋರಿ ಸ್ಪರ್ಧೆಯಲ್ಲಿ ಟ್ರಿಪಲ್ ಆಕ್ಸೆಲ್ ಮಾಡಿದ ಮೊದಲ ಮಹಿಳೆಯಾದಳು. 1989ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಚಾಂಪಿಯನ್. ಈ ಆಟದಲ್ಲಿ ಏಷ್ಯಾದಿಂದ ವಿಶ್ವ ಪಟ್ಟ ಗೆದ್ದವರಲ್ಲಿ ಅವಳೇ ಮೊದಲು. 1990ರಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ಜಿಗಿತ ಇರುವ ಎರಡೂ ಭಾಗಗಳಲ್ಲಿ ಅವಳೇ ಮೊದಲು, ಫಿಗರ್‌ಗಳಲ್ಲಿ ಹತ್ತನೆಯವಳು. ಚಿನ್ನ ಫಿಗರ್‌ಗಳಲ್ಲಿ ಮೊದಲು ಬಂದಿದ್ದ ಅಮೆರಿಕದ ಜಿಲ್ ಟ್ರೆನರಿಗೆ ಹೋಯಿತು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಫಿಗರ್‌ಗಳು ಇದ್ದದ್ದು ಅದೇ ಕೊನೆಯ ಸಲ.

ಅಂತೂ 1991ಕ್ಕೆ ದಾರಿ ಸಲೀಸಾಯಿತು. ಫಿಗರ್ ಇಲ್ಲ, ಟ್ರಿಪಲ್ ಆಕ್ಸೆಲ್ ಮಾಡುವವರು ಇವಳನ್ನು ಬಿಟ್ಟರೆ ಅಮೆರಿಕದ ಟೋನ್ಯಾ ಹಾರ್ಡಿಂಗ್ ಒಬ್ಬಳೇ. ಆದರೆ ಮ್ಯೂನಿಕ್‌ನಲ್ಲಿ ನಡೆದದ್ದನ್ನು ಯಾವ ನಿಯಮವೂ ಊಹಿಸಿರಲಿಲ್ಲ. ಮೊದಲು ವಾರ್ಮ್ ಅಪ್‌ನಲ್ಲಿ ಇನ್ನೊಬ್ಬ ಸ್ಕೇಟರ್ ಜೊತೆ ಡಿಕ್ಕಿ. ಆಮೇಲೆ ಕಾರ್ಯಕ್ರಮದ ನಡುವೆ ರಿಂಕ್‌ನ ಅಂಚಿಗೆ ತೀರಾ ಹತ್ತಿರ ನೆಗೆದು, ಟಿವಿ ಕ್ಯಾಮೆರಾಗಾಗಿ ತಡೆಗೋಡೆಯಲ್ಲಿ ಬಿಟ್ಟಿದ್ದ ಸಂದಿಯೊಳಗೆ ಇಳಿದು ಐಸ್ ಆಚೆಗೇ ಬಿದ್ದಳು! ಕೆಲವೇ ಕ್ಷಣದಲ್ಲಿ ಎದ್ದು ಬಂದು ಮುಂದುವರಿಸಿದಳು. ಆ ತುಣುಕು ನೋಡಿ ಈಗಲೂ ಜನ ನಗುತ್ತಾರೆ. ನನಗಂತೂ ಅವಳು ವಾಪಸ್ ಓಡಿ ಬರುವ ರೀತಿ ನೋಡಿದಾಗಲೆಲ್ಲ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಕೊನೆಗೆ ನಾಲ್ಕನೇ ಸ್ಥಾನ.

1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನ ಫ್ರೀ ಸ್ಕೇಟ್‌ನಲ್ಲಿ ಮೊದಲ ಟ್ರಿಪಲ್ ಆಕ್ಸೆಲ್ ಕೈಕೊಟ್ಟಿತು. ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಕಾಲು ಸೋತಿರುವ ಹೊತ್ತಿನಲ್ಲಿ, ಕಾರ್ಯಕ್ರಮದ ಕೊನೆಯ ಹಂತದಲ್ಲಿ, ಇನ್ನೊಂದು ಸಲ ನೆಗೆದು ಇಳಿದಳು. ಒಲಿಂಪಿಕ್ಸ್‌ನಲ್ಲಿ ಒಬ್ಬ ಮಹಿಳೆ ಟ್ರಿಪಲ್ ಆಕ್ಸೆಲ್ ಮಾಡಿದ್ದು ಅದೇ ಮೊದಲು. ಬೆಳ್ಳಿ ಪದಕ. ಆರು ವರ್ಷದ ನಂತರ ನಗಾನೊ ಒಲಿಂಪಿಕ್ಸ್‌ನ ಜ್ಯೋತಿ ಹೊತ್ತಿಸಿದವಳು ಇದೇ ಮಿಡೋರಿ.

ಈಗ ಮತ್ತೆ ಮಾವೊ.

ಮಾವೊ ಬೆಳೆದದ್ದು ಈ ಜಿಗಿತವನ್ನು ನೋಡಿಕೊಂಡೇ. 2004ರಲ್ಲಿ ಜೂನಿಯರ್ ಗ್ರ್ಯಾನ್ ಪ್ರಿ ಫೈನಲ್‌ನಲ್ಲಿಯೇ ಅದನ್ನು ಮಾಡಿದ್ದಳು. ಆದರೆ ಮಿಡೋರಿ ಹಾಗೆ ಅವಳು ಪುಟ್ಟದಾಗಿ ಉಳಿಯಲಿಲ್ಲ. ಎತ್ತರ ಬೆಳೆದು 163 ಸೆಂಟಿಮೀಟರ್ ಆದಳು. ಜಿಗಿತ ಒಂದು ವರ್ಷ ಕೈಹಿಡಿಯಿತು, ಇನ್ನೊಂದು ವರ್ಷ ಕೈಬಿಟ್ಟಿತು. 2008ರ ಗೋಥೆನ್‌ಬರ್ಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಫ್ರೀ ಸ್ಕೇಟ್ ಶುರುವಾದ ಕೂಡಲೇ ಆಕ್ಸೆಲ್‌ಗೆ ಕಾಲೂರಿದಳು, ಅಂಚು ಜಾರಿತು. ನೆಗೆಯುವ ಮುಂಚೆಯೇ ಧೊಪ್ಪನೆ ಬಿದ್ದು ಐಸ್ ಮೇಲೆ ತುಂಬಾ ದೂರ ಜಾರಿಕೊಂಡು ಹೋದಳು. ಎದ್ದಾಗ ಸಂಗೀತ ಮುಂದೆ ಹೋಗಿತ್ತು. ಅದನ್ನು ಹಿಡಿದು, ಉಳಿದದ್ದನ್ನೆಲ್ಲ ಮಾಡಿ ಮುಗಿಸಿ, ಇಟಲಿಯ ಕೆರೊಲಿನಾ ಕಾಸ್ಟ್ನರ್‌ಗಿಂತ ಒಂದು ಅಂಕಕ್ಕೂ ಕಡಿಮೆ ಅಂತರದಲ್ಲಿ ವಿಶ್ವ ಚಾಂಪಿಯನ್ ಆದಳು. ಬಿದ್ದ ಮೇಲೆ ಏನು ಮಾಡಬೇಕು ಅಂತ ಯಾರಾದರೂ ಕಲಿಯಬೇಕಿದ್ದರೆ ಆ ವಿಡಿಯೋ ಒಂದು ಸಾಕು.

ಅಷ್ಟು ಹೊತ್ತಿಗೆ ಅಂಕ ಕೊಡುವ ಪದ್ಧತಿಯೇ ಬದಲಾಗಿತ್ತು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ವಿಭಾಗದಲ್ಲಿ ತೀರ್ಪಿನ ಹಗರಣ ಎದ್ದು, ಕೊನೆಗೆ ರಷ್ಯಾ ಮತ್ತು ಕೆನಡಾದ ಜೋಡಿಗಳಿಗೆ ತಲಾ ಒಂದು ಚಿನ್ನ ಕೊಡಬೇಕಾಯಿತು. ಅದಾದ ಮೇಲೆ ಆರಕ್ಕೆ ಇಷ್ಟು ಅಂತ ಅಂಕ ಕೊಡುವ ಹಳೆಯ 6.0 ಪದ್ಧತಿಯನ್ನು ಕೈಬಿಟ್ಟು, ಪ್ರತಿಯೊಂದು ಜಿಗಿತ, ಸ್ಪಿನ್, ಹೆಜ್ಜೆಗೂ ಇಷ್ಟು ಅಂತ ಬೆಲೆ ಕಟ್ಟುವ ಪದ್ಧತಿ ತಂದರು. ಅದರ ಮೇಲೆ ಗುಣಮಟ್ಟಕ್ಕೆ ಕೂಡುವುದು ಕಳೆಯುವುದು. ಕಾಗದದ ಮೇಲೆ ಇದು ಹೆಚ್ಚು ನ್ಯಾಯ. ಆದರೆ ಇದರಿಂದ ಸ್ಕೇಟರ್ ಲೆಕ್ಕಿಗಳೂ ಆಗಬೇಕಾಯಿತು.

ಮಾವೊ ಲೆಕ್ಕವನ್ನೇ ನೋಡಿ. 2009-10ರ ಋತುವಿನಲ್ಲಿ ಟ್ರಿಪಲ್ ಆಕ್ಸೆಲ್‌ಗೆ 8.2 ಅಂಕ, ಡಬಲ್‌ಗೆ 3.5. ಇಳಿಯುವಾಗ ಕಾಲು ಭಾಗ ಸುತ್ತಿಗಿಂತ ಜಾಸ್ತಿ ಕಡಿಮೆ ಬಿದ್ದಿದೆ ಎಂದು ತೀರ್ಪು ಕೊಡುವವರಿಗೆ ಅನ್ನಿಸಿದರೆ ಅದನ್ನು ಡಬಲ್ ಅಂತಲೇ ಲೆಕ್ಕ ಹಾಕುತ್ತಿದ್ದರು. ಮೂರು ಸುತ್ತಿಗೂ ಜಾಸ್ತಿ ತಿರುಗಿದ ಜಿಗಿತಕ್ಕೆ ಎರಡೂವರೆ ಸುತ್ತಿನ ಕೂಲಿ. ಇನ್ನೊಂದು ವಿಚಿತ್ರ. ಶಾರ್ಟ್ ಪ್ರೋಗ್ರಾಂನಲ್ಲಿ ಒಂದು ಆಕ್ಸೆಲ್ ಕಡ್ಡಾಯ. ಮಹಿಳೆಯರಿಗೆ ಅದು ಡಬಲ್ ಆಕ್ಸೆಲ್ ಆಗಿರಲೇಬೇಕಿತ್ತು. ಟ್ರಿಪಲ್ ಬರುವವಳು ಅದನ್ನು ಆ ಜಾಗದಲ್ಲಿ ಮಾಡುವ ಹಾಗಿಲ್ಲ. ಬೇಕಿದ್ದರೆ ಕಾಂಬಿನೇಷನ್‌ನಲ್ಲಿ, ಅಂದರೆ ಹಿಂದೆಯೇ ಇನ್ನೊಂದು ಜಿಗಿತ ಪೋಣಿಸಿ ಮಾಡಬೇಕು.

ಮಾವೊ ಹಾಗೇ ಮಾಡಿದಳು. 2010ರ ವ್ಯಾಂಕೂವರ್‌ನಲ್ಲಿ ಶಾರ್ಟ್ ಪ್ರೋಗ್ರಾಂನಲ್ಲಿ ಟ್ರಿಪಲ್ ಆಕ್ಸೆಲ್ ಬೆನ್ನಿಗೇ ಡಬಲ್ ಟೋ ಲೂಪ್ ಅನ್ನುವ ಇನ್ನೊಂದು ಜಿಗಿತ. ಫ್ರೀ ಸ್ಕೇಟ್‌ನಲ್ಲಿ ಇನ್ನೆರಡು ಟ್ರಿಪಲ್ ಆಕ್ಸೆಲ್. ಒಂದೇ ಸ್ಪರ್ಧೆಯಲ್ಲಿ ಮೂರು. ಯಾವ ಮಹಿಳೆಯೂ ಅದುವರೆಗೆ ಮಾಡಿರಲಿಲ್ಲ. ಆದರೂ ಬೆಳ್ಳಿ. ಮಾವೊಗೆ 205.50, ಕೊರಿಯಾದ ಯೂನಾ ಕಿಮ್‌ಗೆ 228.56.

ಇಲ್ಲಿ ಅಭಿಮಾನಿಗಳು ಜಗಳಕ್ಕೆ ಬೀಳುತ್ತಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಆ ರಾತ್ರಿ ಯೂನಾಳೇ ಚೆನ್ನಾಗಿ ಆಡಿದಳು. ಅವಳ ಜಿಗಿತಗಳು ದೂರ, ಎತ್ತರ, ವೇಗ ಒಂದಿಷ್ಟೂ ಕಡಿಮೆಯಾಗದ ಇಳಿತ. ಹೊಸ ಪದ್ಧತಿ ಕೇಳಿದ್ದು ಅದನ್ನೇ. ಮಾವೊ ಉಳಿದ ಜಿಗಿತಗಳಲ್ಲಿ ಎಡವಿದಳು ಕೂಡ. ಆದರೆ ಒಂದು ವಿಷಯ ಗಮನಿಸಿ. ಯೂನಾ ಹುಟ್ಟಿದ್ದು 1990ರ ಸೆಪ್ಟೆಂಬರ್ 5ರಂದು, ಮಾವೊಗಿಂತ ಇಪ್ಪತ್ತು ದಿನ ಮೊದಲು. ಅಂದರೆ ಟ್ಯೂರಿನ್‌ನ ಬಾಗಿಲು ಇಬ್ಬರಿಗೂ ಮುಚ್ಚಿತ್ತು. ಕಾಯುವಿಕೆ ಒಬ್ಬಳಿಗೆ ಲಾಭವಾಯಿತು, ಇನ್ನೊಬ್ಬಳಿಗೆ ಆಗಲಿಲ್ಲ. ಒಂದೇ ನಿಯಮ, ಒಂದೇ ವಯಸ್ಸು, ಎರಡು ದೇಹ.

ವ್ಯಾಂಕೂವರ್ ಮುಗಿದ ಮುಂದಿನ ಋತುವಿಗೆ ಏನಾಯಿತು ಗೊತ್ತಾ? ಮಹಿಳೆಯರ ಶಾರ್ಟ್ ಪ್ರೋಗ್ರಾಂನಲ್ಲಿ ಡಬಲ್ ಜಾಗದಲ್ಲಿ ಟ್ರಿಪಲ್ ಆಕ್ಸೆಲ್ ಮಾಡಬಹುದು ಅಂದರು. ಸುತ್ತು ಸ್ವಲ್ಪ ಕಡಿಮೆ ಬಿದ್ದರೆ ಪೂರ್ತಿ ಕೆಳಗಿಳಿಸದೆ 70% ಅಂಕ ಕೊಡುತ್ತೇವೆ ಅಂದರು. ಎರಡೂ ಮಾವೊಗೆ ಬೇಕಾಗಿದ್ದವು. ಒಂದು ವರ್ಷ ಮುಂಚೆ.

ಆ ಹೊತ್ತಿಗೆ ಅವಳು ಬೇರೆಯೇ ಕೆಲಸಕ್ಕೆ ಕೈ ಹಾಕಿದ್ದಳು. ಹೊಸ ಕೋಚ್ ನೊಬುವೊ ಸಾಟೊ ಅವರ ಬಳಿ ಹೋಗಿ ಎಲ್ಲ ಜಿಗಿತಗಳನ್ನೂ ಬುಡದಿಂದ ತಿದ್ದಲು ಶುರು ಮಾಡಿದಳು. ವಿಶ್ವ ಚಾಂಪಿಯನ್ ಆಗಿದ್ದವಳು, ಒಲಿಂಪಿಕ್ ಬೆಳ್ಳಿ ಕೈಯಲ್ಲಿದ್ದವಳು, ಹೋಗಿ ಸಿಂಗಲ್ ಜಿಗಿತದಿಂದ ಅಭ್ಯಾಸ ಮಾಡುವುದು ಅಂದರೆ ಸುಮ್ನೆ ಮಾತಲ್ಲ. ಮೈಗೆ ಹತ್ತಿದ್ದನ್ನು ಮರೆಸಬೇಕು, ಹೊಸದು ಇನ್ನೂ ಹತ್ತಿರುವುದಿಲ್ಲ. ಆ ನಡುವಿನ ಋತುವಿನಲ್ಲಿ ಅವಳು ಸ್ಪರ್ಧೆಗಳಲ್ಲಿ ಕಂಡಾಪಟ್ಟೆ ಬಿದ್ದಳು. 2011ರ ಡಿಸೆಂಬರ್‌ನಲ್ಲಿ ಗ್ರ್ಯಾನ್ ಪ್ರಿ ಫೈನಲ್‌ಗೆಂದು ಕೆನಡಾಕ್ಕೆ ಹೋಗಿದ್ದಾಗ ತಾಯಿಯ ಸ್ಥಿತಿ ಗಂಭೀರ ಅಂತ ಸುದ್ದಿ ಬಂತು. ಸ್ಪರ್ಧೆ ಬಿಟ್ಟು ಹೊರಟಳು. ಅವಳು ಮುಟ್ಟುವ ಮೊದಲೇ ತಾಯಿ ತೀರಿಕೊಂಡಿದ್ದರು. ಅದೇ ತಿಂಗಳ ಕೊನೆಗೆ ಜಪಾನ್ ರಾಷ್ಟ್ರೀಯ ಸ್ಪರ್ಧೆಯಲ್ಲಿ ಐಸ್ ಮೇಲಿದ್ದಳು, ಗೆದ್ದಳು.

2014, ಸೋಚಿ. ಶಾರ್ಟ್ ಪ್ರೋಗ್ರಾಂನಲ್ಲಿ ಟ್ರಿಪಲ್ ಆಕ್ಸೆಲ್‌ಗೆ ಬಿದ್ದಳು. ಕಾಂಬಿನೇಷನ್ ತಪ್ಪಿತು. 55.51 ಅಂಕ, 16ನೇ ಸ್ಥಾನ. ಎರಡು ನಿಮಿಷ ಐವತ್ತು ಸೆಕೆಂಡಿನೊಳಗೆ ಪದಕದ ಆಸೆ ಮುಗಿದಿತ್ತು. ಮುಖದಲ್ಲಿ ಅಳುವೂ ಇರಲಿಲ್ಲ, ಏನೂ ಇರಲಿಲ್ಲ.

ಮರುದಿನ ಫ್ರೀ ಸ್ಕೇಟ್. ಪದಕದ ಪೈಪೋಟಿಯವರು ಬರುವುದಕ್ಕೆ ತುಂಬಾ ಮೊದಲೇ ಅವಳ ಸರದಿ. ನೀಲಿ ಉಡುಪು. ಮೊದಲ ಜಿಗಿತವೇ ಟ್ರಿಪಲ್ ಆಕ್ಸೆಲ್. ಇಳಿದಳು. ಆಮೇಲೆ ಒಂದರ ಹಿಂದೆ ಒಂದು, ಅದೂ ಸೇರಿ ಒಟ್ಟು ಎಂಟು ಟ್ರಿಪಲ್‌ಗಳು. ಕೊನೆಯ ಹೆಜ್ಜೆಗಳ ಸಾಲಿನಲ್ಲಿ ನಾಲ್ಕು ವರ್ಷ ಯಾರೋ ಕಟ್ಟಿಹಾಕಿದ್ದವಳನ್ನು ಬಿಟ್ಟ ಹಾಗೆ ಓಡುತ್ತಾಳೆ. ಸಂಗೀತ ನಿಂತ ಕೂಡಲೇ ತಲೆ ಮೇಲಕ್ಕೆತ್ತಿ ಅತ್ತುಬಿಟ್ಟಳು. ಮರುಕ್ಷಣ ಮುಖ ಸರಿ ಮಾಡಿಕೊಂಡು ನಕ್ಕು ನಮಸ್ಕರಿಸಿದಳು. 142.71. ಅವಳ ವೃತ್ತಿಯಲ್ಲೇ ಫ್ರೀ ಸ್ಕೇಟ್‌ಗೆ ಅದುವರೆಗಿನ ಅತ್ಯುತ್ತಮ ಅಂಕ. ಆ ರಾತ್ರಿಯ ಫ್ರೀ ಸ್ಕೇಟ್‌ನಲ್ಲಿ ಅವಳದೇ ಮೂರನೇ ಅತಿ ಹೆಚ್ಚು. ಒಟ್ಟಾರೆ ಆರನೇ ಸ್ಥಾನ.

ಚಿನ್ನ ಗೆದ್ದವರು ಯಾರು, ಅದು ಸರಿಯೋ ತಪ್ಪೋ ಅಂತ ಸೋಚಿ ಬಗ್ಗೆ ಜನ ಇವತ್ತಿಗೂ ವಾದ ಮಾಡುತ್ತಾರೆ. ನನ್ನನ್ನು ಕೇಳಿದರೆ, ಆ ಒಲಿಂಪಿಕ್ಸ್‌ನಿಂದ ಉಳಿಸಿಕೊಳ್ಳಬೇಕಾದದ್ದು ಆರನೇ ಸ್ಥಾನದವಳ ಆ ನಾಲ್ಕು ನಿಮಿಷ. ಒಂದೇ ತಿಂಗಳಲ್ಲಿ ಸೈತಾಮಾದಲ್ಲಿ ಮೂರನೇ ಸಲ ವಿಶ್ವ ಚಾಂಪಿಯನ್ ಆದಳು. ಶಾರ್ಟ್ ಪ್ರೋಗ್ರಾಂನಲ್ಲಿ 78.66, ಆಗಿನ ವಿಶ್ವ ದಾಖಲೆ. ಅಲ್ಲಿ ಟ್ರಿಪಲ್ ಆಕ್ಸೆಲ್ ಒಂಟಿಯಾಗಿಯೇ ಮಾಡಿದಳು, ನಿಯಮ ಬದಲಾಗಿತ್ತಲ್ವಾ. ಒಂದು ಋತು ಬಿಟ್ಟು ಮತ್ತೆ ಬಂದಳು, ಆದರೆ ಮಂಡಿ ಕೇಳಲಿಲ್ಲ. 2016ರ ರಾಷ್ಟ್ರೀಯ ಸ್ಪರ್ಧೆಯಲ್ಲಿ 12ನೇ ಸ್ಥಾನ. 2017ರ ಏಪ್ರಿಲ್‌ನಲ್ಲಿ ನಿವೃತ್ತಿ.

ವಯಸ್ಸಿನ ನಿಯಮದ ಕಥೆ ಅಲ್ಲಿಗೆ ಮುಗಿಯಲಿಲ್ಲ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಹದಿನೈದು ವರ್ಷದ ಸ್ಕೇಟರ್ ಕಮಿಲಾ ವಲಿಯೇವಾಳ ಡೋಪಿಂಗ್ ಪ್ರಕರಣ ಬಂತು. ಅಪ್ರಾಪ್ತಳು ಅನ್ನುವ ಕಾರಣಕ್ಕೆ ಆಡಲು ಬಿಟ್ಟರು. ಇಡೀ ಜಗತ್ತಿನ ಕ್ಯಾಮೆರಾಗಳ ಮುಂದೆ ಅವಳು ಮತ್ತೆ ಮತ್ತೆ ಬಿದ್ದಳು. 2024ರಲ್ಲಿ ಕ್ರೀಡಾ ನ್ಯಾಯಮಂಡಳಿ ನಾಲ್ಕು ವರ್ಷದ ನಿಷೇಧ ಹಾಕಿತು. ಅದೇ ಬೀಜಿಂಗ್‌ನಲ್ಲಿ ಅಲೆಕ್ಸಾಂಡ್ರಾ ಟ್ರುಸೋವಾ ಫ್ರೀ ಸ್ಕೇಟ್‌ನಲ್ಲಿ ಐದು ಕ್ವಾಡ್‌ಗಳನ್ನು, ಅಂದರೆ ನಾಲ್ಕು ಸುತ್ತಿನ ಜಿಗಿತಗಳನ್ನು ಮಾಡಿ ಬೆಳ್ಳಿ ಗೆದ್ದು, ಚಿನ್ನ ಸಿಗಲಿಲ್ಲ ಅಂತ ಬಿಕ್ಕಿ ಬಿಕ್ಕಿ ಅತ್ತಳು. ಪುರುಷರು ಶಾರ್ಟ್ ಪ್ರೋಗ್ರಾಂನಲ್ಲಿ ಕ್ವಾಡ್ ಮಾಡಬಹುದಿತ್ತು. ಮಹಿಳೆಯರಿಗೆ ಅವಕಾಶ ಇರಲಿಲ್ಲ. ಮಾವೊ ಕಥೆಯೇ, ಅರ್ಧ ಸುತ್ತು ಮುಂದೆ.

ಆ ವರ್ಷವೇ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಕನಿಷ್ಠ ವಯಸ್ಸನ್ನು ಹಂತ ಹಂತವಾಗಿ 17ಕ್ಕೆ ಏರಿಸಲು ತೀರ್ಮಾನಿಸಿತು. ಇದು ಒಳ್ಳೆಯದೇ ಅನ್ನುವುದು ನನ್ನ ಅಭಿಪ್ರಾಯ. ಮಾವೊಗೆ ಆದ ನಷ್ಟ ಗೊತ್ತಿದ್ದೂ ಹೇಳುತ್ತಿದ್ದೇನೆ. ಹದಿನೈದಕ್ಕೇ ಪದಕ ಸಿಗುವ ಹಾಗಿದ್ದರೆ ದೊಡ್ಡವರು ಹದಿನೈದಕ್ಕೇ ಹಿಂಡುತ್ತಾರೆ. ಹದಿನೇಳಾದರೆ, ಬೆಳೆದ ದೇಹದಲ್ಲೂ ಉಳಿಯುವ ಹಾಗೆ ಕಲಿಸಲೇಬೇಕಾಗುತ್ತದೆ. ಕೆಲವು ಅಪರೂಪದ ಮಕ್ಕಳಿಗೆ ಅನ್ಯಾಯವಾಗುತ್ತದೆ, ನಿಜ. ಆ ಅನ್ಯಾಯಕ್ಕೆ ಮುಖ ಇರುತ್ತದೆ, ಹೆಸರು ಇರುತ್ತದೆ. ಹದಿನಾರಕ್ಕೆ ಸೊಂಟ ಕೆಟ್ಟು ಮನೆಗೆ ಹೋದವರ ಹೆಸರು ನಮಗೆ ಗೊತ್ತೇ ಇರುವುದಿಲ್ಲ.

ಹೆಸರು ಗೊತ್ತಾಗುವುದು ತೀರಾ ಅಪರೂಪ. ಡಿಯಾನಾ ಸ್ಟೆಲಾಟೊ 2000ದಲ್ಲಿ ಜೂನಿಯರ್ ವಿಶ್ವ ಬೆಳ್ಳಿ ಗೆದ್ದವಳು. ಸೊಂಟದ ಗಾಯಗಳಿಂದಾಗಿ ಹದಿನೇಳರ ಆಸುಪಾಸಿನಲ್ಲೇ ಆಟ ಬಿಟ್ಟಳು. ಹದಿನಾರು ವರ್ಷ ಬೇರೆ ಕೆಲಸ ಮಾಡಿಕೊಂಡಿದ್ದು ಮತ್ತೆ ಬಂದಳು, ಈ ಸಲ ಜೋಡಿ ವಿಭಾಗಕ್ಕೆ. 2024ರಲ್ಲಿ ಮಾಂಟ್ರಿಯಲ್‌ನಲ್ಲಿ ಮ್ಯಾಕ್ಸಿಮ್ ಡಿಶಾಂ ಜೊತೆ ಕೆನಡಾ ಪರ ವಿಶ್ವ ಚಾಂಪಿಯನ್ ಆದಾಗ ಅವಳಿಗೆ ನಲವತ್ತು. ಗೋಥೆನ್‌ಬರ್ಗ್‌ನಲ್ಲಿ ಮಾವೊಗೆ ಕೂದಲೆಳೆಯಲ್ಲಿ ಸೋತಿದ್ದ ಕಾಸ್ಟ್ನರ್ ಕೂಡ ಹೀಗೆಯೇ ಹಟಮಾರಿ. 2010ರ ಒಲಿಂಪಿಕ್ಸ್‌ನಲ್ಲಿ 16ನೆಯವಳು, 2014ರಲ್ಲಿ ಇಪ್ಪತ್ತೇಳನೇ ವಯಸ್ಸಿಗೆ ಕಂಚು, ನಾಲ್ಕು ವರ್ಷದ ನಂತರ ಮತ್ತೆ ಐದನೇ ಸ್ಥಾನ. ಕನಿಷ್ಠ ವಯಸ್ಸಿನ ಬಗ್ಗೆ ಇಷ್ಟೊಂದು ಚರ್ಚೆ ಆಗುವ ಆಟದಲ್ಲಿ ಗರಿಷ್ಠ ವಯಸ್ಸಿಗೆ ಮಿತಿಯೇ ಇಲ್ಲ ಅನ್ನುವುದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ.

ನಿಯಮ ತಡವಾಗಿ ಬರುವುದಕ್ಕೆ ಅತಿ ದೊಡ್ಡ ಉದಾಹರಣೆ ಮಾತ್ರ ಫ್ರಾನ್ಸಿನ ಸೂರ್ಯಾ ಬೊನಾಲಿ. ಐದು ಸಲ ಯುರೋಪ್ ಚಾಂಪಿಯನ್, ಮೂರು ಸಲ ವಿಶ್ವ ಬೆಳ್ಳಿ. 1998ರ ನಗಾನೊದಲ್ಲಿ ಗಾಯದಿಂದ ಆಟ ಕೈತಪ್ಪುತ್ತಿದೆ ಅಂತ ಗೊತ್ತಾದಾಗ, ನಿಷೇಧ ಇದ್ದ ಬ್ಯಾಕ್‌ಫ್ಲಿಪ್, ಅಂದರೆ ಹಿಂದಕ್ಕೆ ಪಲ್ಟಿ, ಹೊಡೆದು ಒಂದೇ ಕಾಲಿನ ಮೇಲೆ ಇಳಿದಳು. ತೀರ್ಪುಗಾರರಿಗೆ ಬೆನ್ನು ತಿರುಗಿಸಿ, ಪ್ರೇಕ್ಷಕರ ಕಡೆ ನೋಡಿ ಕಾರ್ಯಕ್ರಮ ಮುಗಿಸಿದಳು. ಅಂಕ ಕಡಿತವಾಯಿತು. ಹತ್ತನೇ ಸ್ಥಾನ. ಆ ನಿಷೇಧವನ್ನು ತೆಗೆದದ್ದು 2024ರಲ್ಲಿ. ಈಗ ಯಾರು ಬೇಕಾದರೂ ಮಾಡಬಹುದು. ಅಷ್ಟರಲ್ಲಿ ಸೂರ್ಯಾಗೆ ಐವತ್ತು ವರ್ಷ.

ಮಾವೊ ಈಗ ಐಸ್ ಶೋಗಳನ್ನು ನಡೆಸುತ್ತಾಳೆ. 2024ರಲ್ಲಿ ಟೋಕಿಯೊ ಬಳಿಯ ತಾಚಿಕಾವಾದಲ್ಲಿ ಅವಳ ಹೆಸರಿನದೇ ಒಂದು ರಿಂಕ್ ಶುರುವಾಯಿತು. ಮಿಡೋರಿ ಐವತ್ತು ದಾಟಿದ ಮೇಲೂ ಜರ್ಮನಿಯ ಓಬರ್ಸ್ಟ್‌ಡಾರ್ಫ್‌ನಲ್ಲಿ ನಡೆಯುವ ವಯಸ್ಕರ ಸ್ಪರ್ಧೆಗೆ ಹೋಗಿ ಪದಕ ಗೆದ್ದು ಬಂದಿದ್ದಾಳೆ. ಹವ್ಯಾಸಿಗಳ ಜೊತೆ, ಯಾರೂ ದೇಶದ ಭಾರ ಹೊರಿಸದ ಸ್ಪರ್ಧೆ. ಆ ವಿಡಿಯೋಗಳನ್ನು ಹುಡುಕಿ ನೋಡಿ. ಟ್ರಿಪಲ್ ಆಕ್ಸೆಲ್ ಇಲ್ಲ, ನಗು ಮಾತ್ರ ಕ್ಯಾಲ್ಗರಿಯದೇ.